ಶಾಂತಿ ಹೇಳುವ ಗಳಿಗೆಯಲ್ಲೇ ಮುಖ ತಿರುಗಿಸಿದರು: ಮತ ಬೇರೆಯಾದರೆ ಬೆಂಚೂ ಬೇರೆಯೇ?

ಅಂಕೋಲೆಯ ಮಗಳು
ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿ ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷಗಳಿಂದ ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮಬೋಧೆ ಮಾಡುತ್ತಿರುವವರು. ಕ್ರಿಸ್ಮಸ್ ಗೋದಲಿಗೆ ಬಿದಿರು ಸೀಳಿ ಕಟ್ಟುವವರೂ ಅವರೇ. 2024ರ ಲೋಕಸಭಾ ಚುನಾವಣೆಯಲ್ಲಿ ಅವರು ಒಂದು ಪಕ್ಷದ ಮತಗಟ್ಟೆ ಏಜೆಂಟರಾಗಿ ಕುಳಿತರು. ನಮ್ಮ ವಾರ್ಡಿನ ಹೆಚ್ಚಿನವರಿಗೆ ಆ ಪಕ್ಷವೆಂದರೆ ಭಯವೂ ಇದೆ, ಸಿಟ್ಟೂ ಇದೆ. ಮೇ 7ರಂದು ಮತದಾನ ಮುಗಿಯಿತು, ಆದರೆ ಜಗಳ ಮುಗಿಯಲಿಲ್ಲ. ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಮೂವತ್ತು ಬೆಳ್ಳಿ ನಾಣ್ಯಗಳ (ಯೇಸುವನ್ನು ಹಿಡಿದುಕೊಡಲು ಶಿಷ್ಯ ಯೂದ ಪಡೆದ ಹಣ) ಚಿತ್ರ ಹಾಕಿ ಕೆಳಗೆ ಚಿಕ್ಕಪ್ಪನ ಮನೆಹೆಸರು ಬರೆದರು. ನನ್ನ ಸ್ವಂತ ಅಪ್ಪ ಅದಕ್ಕೆ ಹೆಬ್ಬೆರಳು ಒತ್ತಿದರು.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಈಚೆಗೆ ಸ್ಥಳೀಯ ಚುನಾವಣೆಯ ಸುದ್ದಿ ಎದ್ದ ಮೇಲೆ ಗಾಯ ಮತ್ತೆ ಹಸಿಯಾಗಿದೆ. ಕಳೆದ ಭಾನುವಾರ ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರುವ ಹೊತ್ತು ಬಂತು. ಚಿಕ್ಕಪ್ಪ ಅಪ್ಪನ ಕಡೆ ತಿರುಗಿ ಕೈಮುಗಿದರು. ಅಪ್ಪ ಪ್ರಾರ್ಥನಾ ಪುಸ್ತಕದ ಹಾಳೆ ತಿರುವುತ್ತಾ ನಿಂತರು. ಬೆಂಚಿನ ಉಳಿದವರೂ ಹಾಗೆಯೇ. ಬಲೆ ಹೆಣೆಯುವಾಗ ಗಾಯವಾಗಿ ಚಿಕ್ಕಪ್ಪನ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿತ್ತು. ಮುಗಿದ ಕೈ ಇಳಿಸಲು ಮರೆತವರಂತೆ ನಿಂತಿದ್ದರು. ಹಾಡಿನವರು ‘ದೇವರ ಕುರಿಮರಿಯೇ’ ಎಂದು ಎತ್ತಿಕೊಂಡ ಮೇಲೆ ಕೈ ಇಳಿಯಿತು. ಪರಮಪ್ರಸಾದಕ್ಕೆ ಅವರು ಮುಂದೆ ಹೋಗಲಿಲ್ಲ. ಅಪ್ಪ ಹೋದರು.

ನನ್ನ ಪ್ರಶ್ನೆ ಎರಡು. ಬಹುಪಾಲು ಕ್ರೈಸ್ತರಿಗೆ ಕೇಡು ಎಂದು ಕಾಣುವ ಪಕ್ಷಕ್ಕೆ ಒಬ್ಬ ಕ್ರೈಸ್ತ ಮನಸ್ಸಾಕ್ಷಿಯಿಂದ ಕೆಲಸ ಮಾಡಬಹುದೇ? ಮಾಡಿದರೆ ಅವನನ್ನು ನಾವು ಹೀಗೆ ನಡೆಸಿಕೊಳ್ಳಬಹುದೇ?

ವೇದಿಕೆಯ ನಿರ್ವಾಹಕ
ಮೊದಲೇ ಹೇಳಿಬಿಡುತ್ತೇನೆ. ಪಕ್ಷಗಳ ಹೆಸರು, ಊರಿನ ಇಗರ್ಜಿಯ ಹೆಸರು, ಧರ್ಮಗುರುಗಳ ಹೆಸರು ಬೇಡ. ಉಳಿದಂತೆ ಮನಸ್ಸು ಬಿಚ್ಚಿ ಬರೆಯಿರಿ.

ಕೋಡಿಬಾಗದವನು
ಎರಡನೆಯ ಪ್ರಶ್ನೆಗೆ ಉತ್ತರ: ಕೂಡದು. ಮೊದಲನೆಯದಕ್ಕೆ ನನ್ನ ಬಳಿ ಉತ್ತರವಿಲ್ಲ.

ಹಳಿಯಾಳ ರಸ್ತೆ
ತಂಗಿ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನಿಮ್ಮ ಅಪ್ಪನ ಸಿಟ್ಟು ಎಲ್ಲಿಂದ ಬಂತು ಎಂಬುದನ್ನೂ ಕೇಳಿ.

ನಮ್ಮ ಅತ್ತೆಯ ಮನೆಯಲ್ಲಿ ಪ್ರತಿ ಬುಧವಾರ ಸಂಜೆ ಜಪಸರ ಇರುತ್ತಿತ್ತು. ಏಳೆಂಟು ಹೆಂಗಸರು, ಒಂದು ಮೇಣದಬತ್ತಿ, ಕೊನೆಗೆ ಚಹಾ ಮತ್ತು ಟೋಸ್ಟು, ಅಷ್ಟೇ. ಒಂದು ದಿನ ನಾಲ್ವರು ಹುಡುಗರು ದಣಪೆಯ (ಬೇಲಿ ಬಾಗಿಲಿನ) ಆಚೆ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸತೊಡಗಿದರು. “ಯಾರನ್ನು ಮತಾಂತರ ಮಾಡುತ್ತಿದ್ದೀರಿ?” ಎಂದು ಕೂಗಿದರು. ಅಲ್ಲಿದ್ದವರೆಲ್ಲ ಹುಟ್ಟು ಕ್ರೈಸ್ತರು! ಅತ್ತೆಗೆ ಎಪ್ಪತ್ತೊಂದು ವರ್ಷ. ಮರುವಾರದಿಂದ ಕಿಟಕಿ ಮುಚ್ಚಿ ಜಪಸರ ಮಾಡಿದರು, ಅದರ ಮುಂದಿನ ತಿಂಗಳು ನಿಲ್ಲಿಸಿಯೇ ಬಿಟ್ಟರು.

2021ರ ಡಿಸೆಂಬರಿನಲ್ಲಿ ಮತಾಂತರ ವಿರೋಧಿ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾಯಿತು, 2022ರಲ್ಲಿ ಕಾಯ್ದೆಯಾಯಿತು. ಒಬ್ಬ ಮನುಷ್ಯ ತನ್ನ ದೇವರನ್ನು ಬದಲಾಯಿಸಬೇಕಾದರೆ 30 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಗೆ ಅರ್ಜಿ ಕೊಡಬೇಕು ಎಂದರೆ ಅವನ ಮನಸ್ಸಾಕ್ಷಿಗೆ ಬೀಗ ಹಾಕಿದಂತೆ. ಇದೆಲ್ಲ ಗೊತ್ತಿದ್ದೂ ಮತಗಟ್ಟೆಯಲ್ಲಿ ಹೋಗಿ ಕುಳಿತವರಿಗೆ “ಶಾಂತಿ” ಎನ್ನಲು ನನ್ನ ನಾಲಿಗೆಯೂ ತಡವರಿಸುತ್ತದೆ. ಸುಳ್ಳು ಹೇಳಲಾರೆ.

ಬೈತಖೋಲದ ಬೋಟು
ಕಾಯ್ದೆ ರದ್ದು ಮಾಡುತ್ತೇವೆ ಎಂದು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತಲ್ಲ? ನಿಮ್ಮವರು ಅಧಿಕಾರಕ್ಕೆ ಬಂದರಲ್ಲ? ಆಮೇಲೆ ಬಂದು ಎಷ್ಟು ಸಲ ವಿಚಾರಿಸಿದರು? ನಾನೂ ಆ ಚಿಕ್ಕಪ್ಪನ ಪಕ್ಷದಲ್ಲೇ ಇದ್ದೇನೆ. ಕಾರವಾರದ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಜಮೀನು ಕಳೆದುಕೊಂಡ ಮನೆ ನಮ್ಮದು. ಪರಿಹಾರದ ಕಾಗದ ಹಿಡಿದುಕೊಂಡು ಅಪ್ಪ ಅಲೆದಾಗ ಜೊತೆಗೆ ಬಂದು ಕಚೇರಿಯಲ್ಲಿ ಕುಳಿತವರು ಈ ಪಕ್ಷದ ಸ್ಥಳೀಯರು. ಇಗರ್ಜಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಯಾರೂ ಬರಲಿಲ್ಲ. ನಾನು ವಿಶ್ವಾಸವನ್ನು ಮಾರಿಲ್ಲ. ಒಳಗೆ ನಮ್ಮವರು ನಾಲ್ಕು ಜನ ಇದ್ದರೆ, ದಣಪೆಯ ಆಚೆ ನಿಲ್ಲುವ ಹುಡುಗರ ಕಿವಿ ಹಿಂಡುವವರು ಒಬ್ಬರಾದರೂ ಇರುತ್ತಾರೆ.

ಹಳಿಯಾಳ ರಸ್ತೆ
ಬೋಟಿನವರೇ, ಹಿಂಡಿದ್ದೀರಾ? ಒಂದು ಸಲವಾದರೂ?

ಬೈತಖೋಲದ ಬೋಟು
ಒಂದು ಸಲ ಮಾತನಾಡಿದ್ದೇನೆ. ಕೇಳಲಿಲ್ಲ. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಹೊನ್ನಾವರದ ನಿವೃತ್ತ ಮಾಸ್ತರ
ಮಕ್ಕಳೇ, ಇಬ್ಬರೂ ಸ್ವಲ್ಪ ನಿಧಾನ. ನಾನು ಎಪ್ಪತ್ತೆಂಟು ವರ್ಷದವನು, ಬಹಳ ಚುನಾವಣೆಗಳನ್ನು ನೋಡಿದ್ದೇನೆ.

ನಮ್ಮ ಉತ್ತರ ಕನ್ನಡ ಜಿಲ್ಲೆ 1952, 1957, 1962ರಲ್ಲಿ ಸತತ ಮೂರು ಸಲ ಜೋಕಿಂ ಆಳ್ವರನ್ನು ಲೋಕಸಭೆಗೆ ಕಳುಹಿಸಿತು. ಬ್ರಿಟಿಷರ ಕಾಲದಲ್ಲಿ ಜೈಲು ಕಂಡ ಕ್ಯಾಥೊಲಿಕರು ಅವರು. ಆಗಿನ ಮೈಸೂರು ರಾಜ್ಯದ ಈ ಕ್ಷೇತ್ರದಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ಅವರನ್ನು ಗೆಲ್ಲಿಸಿದವರು ಹಾಲಕ್ಕಿಗಳು, ನಾಮಧಾರಿಗಳು, ನಾಡವರು, ಹವ್ಯಕರು, ಮೀನುಗಾರರು. ಇಗರ್ಜಿಯ ಮತದಿಂದ ಗೆಲ್ಲಲು ಸಾಧ್ಯವೇ ಇರಲಿಲ್ಲ. 1999ರಲ್ಲಿ ಅವರ ಸೊಸೆ ಮಾರ್ಗರೆಟ್ ಆಳ್ವ ಗೆದ್ದಾಗಲೂ ಅದೇ ಲೆಕ್ಕ. ಆದ್ದರಿಂದ “ಕ್ರೈಸ್ತರೆಲ್ಲ ಒಂದೇ ಗುಂಡಿ ಒತ್ತಬೇಕು” ಎಂಬ ಮಾತು ಈ ಜಿಲ್ಲೆಯ ಚರಿತ್ರೆಗೇ ಒಗ್ಗುವುದಿಲ್ಲ.

ಇನ್ನು ಮನಸ್ಸಾಕ್ಷಿಯ ವಿಷಯ. ಎರಡನೆಯ ವ್ಯಾಟಿಕನ್ ಸಮ್ಮೇಳನ 1965ರಲ್ಲಿ ಹೊರಡಿಸಿದ ‘ಗೌದಿಯುಂ ಎತ್ ಸ್ಪೆಸ್’ ಎಂಬ ದಸ್ತಾವೇಜಿನ 16ನೆಯ ಭಾಗವನ್ನು ಓದಿ: ಮನಸ್ಸಾಕ್ಷಿ ಎಂದರೆ ಮನುಷ್ಯನ ಒಳಗಿನ ಗರ್ಭಗುಡಿ, ಅಲ್ಲಿ ಅವನು ದೇವರೊಂದಿಗೆ ಒಬ್ಬನೇ ಇರುತ್ತಾನೆ ಎಂಬುದು ಅಲ್ಲಿನ ತಾತ್ಪರ್ಯ. 43ನೆಯ ಭಾಗ ಇನ್ನೂ ನೇರವಾಗಿದೆ. ಲೌಕಿಕ ವಿಷಯಗಳಲ್ಲಿ ಅಷ್ಟೇ ಪ್ರಾಮಾಣಿಕರಾದ ಇಬ್ಬರು ವಿಶ್ವಾಸಿಗಳು ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು. ಆಗ ಧರ್ಮಸಭೆಯ ಅಧಿಕಾರವನ್ನು ತನ್ನ ಅಭಿಪ್ರಾಯಕ್ಕೆ ಮಾತ್ರ ಸೇರಿದ್ದು ಎಂದು ಯಾರೂ ಹೇಳಿಕೊಳ್ಳಕೂಡದು. ಮೂವತ್ತು ನಾಣ್ಯದ ಚಿತ್ರ ಹಾಕಿದವರು ಮಾಡಿದ್ದು ಅದನ್ನೇ.

ಕಾಳಿ ಸೇತುವೆ
ಮಾಸ್ತರರೇ, ಸಣ್ಣ ತಿದ್ದುಪಡಿ. 1952ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯದಲ್ಲಿ ಇರಲಿಲ್ಲ, ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರಿನಲ್ಲಿ ಸೇರಿದ್ದು.

ಹೊನ್ನಾವರದ ನಿವೃತ್ತ ಮಾಸ್ತರ
ಹೌದು, ಹೌದು. ತಪ್ಪಾಯಿತು. ನಾನು ಒಂದನೆಯ ತರಗತಿಗೆ ಹೋಗುವಾಗ ಮುಂಬಯಿ ರಾಜ್ಯವೇ.

ಚುಟುಕು ಪ್ರಿಯ
1967ರಲ್ಲಿ ಇದೇ ಕ್ಷೇತ್ರ ಪಕ್ಷೇತರರಾಗಿ ನಿಂತ ದಿನಕರ ದೇಸಾಯಿಯವರನ್ನು ಗೆಲ್ಲಿಸಿತು ಎಂಬುದನ್ನೂ ಸೇರಿಸಿ. ಪಕ್ಷಕ್ಕಿಂತ ಮನುಷ್ಯನನ್ನು ನೋಡುವ ಅಭ್ಯಾಸ ನಮ್ಮ ಜಿಲ್ಲೆಗಿತ್ತು.

ಸದಾಶಿವಗಡದವಳು
ನನಗೆ ಒಂದು ಅನುಮಾನ. ನಮ್ಮಲ್ಲಿ ಪ್ರವಚನದ ಹೊತ್ತಿನಲ್ಲಿ “ಯೋಚಿಸಿ ಮತ ಹಾಕಿ, ಯಾರಿಗೆಂದು ನಿಮಗೆ ಗೊತ್ತೇ ಇದೆ” ಎಂದರು. ಇದು ಸರಿಯೇ?

ವಕೀಲರ ಕಚೇರಿ, ಕಾರವಾರ
ಅಕ್ಕ, “ಯೋಚಿಸಿ ಮತ ಹಾಕಿ” ಎಂಬ ತನಕ ಸರಿ. ಬಡವರನ್ನು ನೆನೆಯಿರಿ, ದ್ವೇಷ ಹರಡುವವರನ್ನು ಆರಿಸಬೇಡಿ, ಹಣ ಮುಟ್ಟಬೇಡಿ ಎನ್ನುವುದೂ ಸರಿಯೇ. “ಗೊತ್ತೇ ಇದೆ” ಎಂಬಲ್ಲಿ ಗೆರೆ ಹತ್ತಿರ ಬಂತು. 1988ರಲ್ಲಿ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ಬಂದಿದೆ. ದೇವಸ್ಥಾನವಿರಲಿ, ಮಸೀದಿಯಿರಲಿ, ಇಗರ್ಜಿಯಿರಲಿ, ಅದರ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ. ಅಭ್ಯರ್ಥಿ ಧರ್ಮದ ಹೆಸರಿನಲ್ಲಿ ಮತ ಕೇಳಿದರೆ 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 123(3) ಪ್ರಕಾರ ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಿಂದ ಇದನ್ನು ಇನ್ನೂ ವಿಸ್ತರಿಸಿತು: ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮದ ಹೆಸರು ಹಿಡಿದು ಕೇಳುವುದೂ ತಪ್ಪು.

ಧರ್ಮಸಭೆಯ ಸ್ವಂತ ಕಾನೂನೂ ಇದೆ. ಕ್ಯಾನನ್ 287ರಂತೆ ಪಾದ್ರಿಗಳು ರಾಜಕೀಯ ಪಕ್ಷಗಳಲ್ಲಿ ಸಕ್ರಿಯ ಪಾತ್ರ ವಹಿಸುವಂತಿಲ್ಲ. ಧರ್ಮಸಭೆಯ ಹಕ್ಕು ಕಾಯಲು, ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ಮೇಲಧಿಕಾರಿಗಳು ಕಂಡರೆ ಮಾತ್ರ ವಿನಾಯಿತಿ.

ಒಂದು ಮಾತು ಹೊರಗಿನದು: ನಮ್ಮ ಭಾಷೆಯಲ್ಲಿ ‘ಮತ’ ಎಂದರೆ ಧರ್ಮವೂ ಹೌದು, ವೋಟೂ ಹೌದು, ಅಭಿಪ್ರಾಯವೂ ಹೌದು. ಮೂರಕ್ಕೂ ಒಂದೇ ಪದವಿದೆ ಎಂದು ಮೂರನ್ನೂ ಒಂದೇ ಚೀಲದಲ್ಲಿ ಕಟ್ಟಬಾರದು.

ಚಂದಾವರ ಹಾದಿ
ಹೇಗೆ ಕಟ್ಟದೆ ಇರುವುದು? 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ, ಅಂದರೆ ನಮ್ಮ ಕರಾವಳಿಯ, ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ಬದುಕಿ ಉಳಿದವರು ಬಿಡುಗಡೆಯಾದದ್ದು 1799ರಲ್ಲಿ. ಹದಿನೈದು ವರ್ಷ! ನಮ್ಮ ಅಜ್ಜಿ ಕಥೆ ಹೇಳುವಾಗ ಧ್ವನಿ ಇಳಿಸುತ್ತಿದ್ದರು. ಅದನ್ನು ನೆನಪಿಡುವ ಪಕ್ಷಕ್ಕೆ ನಿಮ್ಮ ಚಿಕ್ಕಪ್ಪ ಹೋದರೆ ಅದು ದ್ರೋಹವೇ?

ಭಟ್ಕಳ ಬಂದರು
ಅಣ್ಣ, ಸೆರೆ ನಿಜ, ಕಣ್ಣೀರು ನಿಜ. ಆದರೆ ನಮ್ಮ ಬೀದಿಯಲ್ಲಿ ಬ್ರೆಡ್ಡು ಮಾರುವ ಸಾಹೇಬರಿಗೆ 1784ರ ಲೆಕ್ಕ ಕೊಡಿ ಎಂದು ಕೇಳಲು ಆಗುತ್ತದೆಯೇ? ನಮ್ಮ ಪೂರ್ವಜರ ನೋವನ್ನು ಇನ್ನೊಬ್ಬರು ಬಂದು ಕೈಗೆ ಕಲ್ಲು ಮಾಡಿಕೊಡುತ್ತಾರೆ. ಆ ಕಲ್ಲನ್ನು ತೆಗೆದುಕೊಳ್ಳುವುದೂ ಬಿಡುವುದೂ ನಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು.

ಶಿರಸಿಯ ಅಡಿಕೆ ಮನೆ
ನಾನು ಕ್ರೈಸ್ತನಲ್ಲ, ಹವ್ಯಕರ ಮನೆಯವನು. ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಈ ಕಾಯಿಲೆ ನಿಮ್ಮ ಬೆಂಚಿಗೆ ಮಾತ್ರ ಬಂದದ್ದಲ್ಲ. ನಮ್ಮ ಅಪ್ಪಯ್ಯನ ಶ್ರಾದ್ಧಕ್ಕೆ ಎರಡು ವರ್ಷಗಳಿಂದ ದೊಡ್ಡಣ್ಣ ಬರುತ್ತಿಲ್ಲ. ಕಾರಣ ಆಸ್ತಿಯಲ್ಲ, ಫೇಸ್‌ಬುಕ್ಕಿನಲ್ಲಿ ಬರೆದ ನಾಲ್ಕು ಸಾಲು.

2017ರ ಡಿಸೆಂಬರ್ ಯಾರಿಗೆ ಮರೆಯುತ್ತದೆ? ಹೊನ್ನಾವರದಲ್ಲಿ ಒಬ್ಬ ಯುವಕನ ಶವ ಸಿಕ್ಕಿತು, ಕುಮಟಾದಲ್ಲಿ ಬೆಂಕಿ ಬಿತ್ತು, ಶಿರಸಿಯಲ್ಲಿ ಕಲ್ಲು ಹಾರಿತು. ಆ ದಿನ ನಾನು ಪೇಟೆಯಲ್ಲಿ ಸಿಕ್ಕಿಬಿದ್ದೆ. ಬೈಕು ಬಿಟ್ಟು ಓಡಿ, ಅರ್ಧ ಇಳಿಸಿದ್ದ ಒಂದು ಬಾಗಿಲಿನ ಕೆಳಗೆ ನುಗ್ಗಿದೆ. ಅದು ಕ್ರೈಸ್ತ ಹೆಂಗಸೊಬ್ಬರ ಟೈಲರಿಂಗ್ ಅಂಗಡಿ. ಒಳಗೆ ಆಗಲೇ ಐದಾರು ಜನ ಇದ್ದರು, ಅವರಲ್ಲಿ ಕಾಲೇಜಿನ ಇಬ್ಬರು ಮುಸ್ಲಿಂ ಹುಡುಗರು. ಆಕೆ ಯಾರನ್ನೂ ಏನೂ ಕೇಳದೆ ಹೊಲಿಗೆ ಯಂತ್ರವನ್ನು ಬಾಗಿಲಿಗೆ ಅಡ್ಡ ಎಳೆದಿಟ್ಟರು. ಎರಡು ತಾಸು ಕುಳಿತೆವು. ಆ ಯುವಕನ ಸಾವು ಆಕಸ್ಮಿಕ ಎಂದು ಸಿಬಿಐ 2022ರಲ್ಲಿ ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಅಷ್ಟರೊಳಗೆ ಐದು ವರ್ಷ, ಎರಡು ವಿಧಾನಸಭಾ ಚುನಾವಣೆಗಳ ಪೈಕಿ ಒಂದು ಮುಗಿದು ಇನ್ನೊಂದು ಬಾಗಿಲಿಗೆ ಬಂದಿತ್ತು.

ಆಕೆ ಯಾವ ಪಕ್ಷಕ್ಕೆ ಮತ ಹಾಕುತ್ತಾರೋ ನಾನು ಕೇಳಿಲ್ಲ. ಅಂಗಿ ಹೊಲಿಸುವುದು ಮಾತ್ರ ಅಲ್ಲಿಯೇ.

ಸಿದ್ದಿ ಹುಡುಗ, ಯಲ್ಲಾಪುರ
ನಮ್ಮ ಮನೆ ಕ್ರೈಸ್ತ. ದೊಡ್ಡಮ್ಮನ ಮನೆ ಮುಸ್ಲಿಂ. ಹೆಂಡತಿಯ ತವರು ಹಿಂದೂ. ಮೂರೂ ಸಿದ್ದಿಗಳದ್ದೇ. ಹಿರಿಯರ ಪೂಜೆಗೆ ಎಲ್ಲರೂ ಒಂದೇ ಅಂಗಳದಲ್ಲಿ ಸೇರುತ್ತೇವೆ, ಡಮಾಮಿ ಬಾರಿಸಿದರೆ ಯಾರ ಕಾಲೂ ಸುಮ್ಮನಿರುವುದಿಲ್ಲ. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅದಕ್ಕಾಗಿ ಓಡಾಡಿದವರು ಮೂರೂ ಧರ್ಮದವರು. ಚುನಾವಣೆ ಬಂದಾಗ ಹೊರಗಿನವರು ಬಂದು ಅಂಗಳದಲ್ಲಿ ಗೆರೆ ಎಳೆಯಲು ನೋಡುತ್ತಾರೆ. ದೊಡ್ಡಮ್ಮ ಅವರಿಗೆ ಚಹಾ ಕೊಟ್ಟು ಕಳುಹಿಸುತ್ತಾಳೆ. ಈಚೆಗೆ ನಮ್ಮ ಹುಡುಗರ ಮೊಬೈಲಿನಲ್ಲಿ ಬರುವುದನ್ನು ನೋಡಿದರೆ ನನಗೂ ಹೆದರಿಕೆಯಾಗುತ್ತದೆ.

ಸಿಎಸ್‌ಐ ಸಭೆಯವಳು
ನೀವೆಲ್ಲ “ಜಗಳ ಬೇಡ, ಶಾಂತಿ ಇರಲಿ” ಎಂಬ ಕಡೆಗೇ ಜಾರುತ್ತಿದ್ದೀರಿ. ನನಗೆ ಅಲ್ಲಿ ತಕರಾರಿದೆ. ಜರ್ಮನಿಯ ಬಹುಪಾಲು ಕ್ರೈಸ್ತರು ಹಿಟ್ಲರನ ಕಾಲದಲ್ಲಿ ಸಭೆಯ ಐಕ್ಯದ ಹೆಸರಿನಲ್ಲಿಯೇ ಸುಮ್ಮನಿದ್ದರು. 1934ರ ಮೇ ತಿಂಗಳಲ್ಲಿ ಬಾರ್ಮೆನ್ ಎಂಬ ಊರಿನಲ್ಲಿ ಸೇರಿದ ಕೆಲವರು ಮಾತ್ರ, ಕ್ರಿಸ್ತನ ಜಾಗದಲ್ಲಿ ಯಾವ ನಾಯಕನನ್ನೂ ಕೂರಿಸಲಾರೆವು ಎಂಬ ಘೋಷಣೆ ಹೊರಡಿಸಿದರು. ಅವರ ಜೊತೆಗಾರ ಪಾದ್ರಿ ಬೊನ್‌ಹಾಫರ್‌ರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು.

ಅಷ್ಟು ದೂರ ಬೇಡ. ಆದಿವಾಸಿಗಳ ಪರವಾಗಿ ನಿಂತ ಯೇಸುಸಭೆಯ ಸ್ಟ್ಯಾನ್ ಸ್ವಾಮಿಯವರನ್ನು 2020ರ ಅಕ್ಟೋಬರಿನಲ್ಲಿ ಬಂಧಿಸಿದರು. ಕೈ ನಡುಗುವ ಕಾಯಿಲೆ. ನೀರು ಕುಡಿಯಲು ಕೊಳವೆ ಇರುವ ಲೋಟ ಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಜಾಮೀನು ಸಿಗದೆಯೇ, 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಂಥ ಹೊತ್ತಿನಲ್ಲಿ “ಎಲ್ಲ ಪಕ್ಷವೂ ಒಂದೇ, ಎಲ್ಲರ ಮನಸ್ಸಾಕ್ಷಿಯೂ ಸರಿಯೇ” ಎಂದರೆ ಅದು ಶಾಂತಿಯಲ್ಲ, ನಿದ್ದೆ. ಮನಸ್ಸಾಕ್ಷಿಯೂ ತಪ್ಪುತ್ತದೆ. ಅದನ್ನು ತಿದ್ದಬೇಕು, ಓದಬೇಕು, ನೊಂದವರ ಮನೆಗೆ ಹೋಗಿ ಕೂರಬೇಕು.

ಹಳಿಯಾಳ ರಸ್ತೆ
ಅಕ್ಕ, ನನ್ನ ಎದೆಯಲ್ಲಿದ್ದದ್ದನ್ನು ಹೇಳಿದಿರಿ.

ಹೊನ್ನಾವರದ ನಿವೃತ್ತ ಮಾಸ್ತರ
ತಾಯಿ, ಒಪ್ಪಿದೆ. ತಿದ್ದಬೇಕು. ಆದರೆ ಮನೆಗೆ ಹೋಗಿ ಎದುರು ಕುಳಿತು ತಿದ್ದುವುದು ಬೇರೆ, ಚಿತ್ರ ಹಾಕಿ ಊರಿಗೆಲ್ಲ ಯೂದ ಎಂದು ಸಾರುವುದು ಬೇರೆ. ಯೇಸುವಿನ ಹನ್ನೆರಡು ಜನರಲ್ಲಿ ರೋಮನರಿಗಾಗಿ ಸುಂಕ ಎತ್ತುತ್ತಿದ್ದ ಮತ್ತಾಯನೂ ಇದ್ದ, ಮತಾಭಿಮಾನಿ ಎನಿಸಿಕೊಂಡ ಸಿಮೋನನೂ ಇದ್ದ. ಸಿಮೋನನಂಥವರ ಕಣ್ಣಿಗೆ ಮತ್ತಾಯ ದೇಶದ್ರೋಹಿ. ಆ ಇಬ್ಬರೂ ಒಂದೇ ತಟ್ಟೆಗೆ ಕೈ ಹಾಕಿದರು.

ನಮ್ಮ ಕರಾವಳಿಯದ್ದೇ ಇನ್ನೊಂದು ಉದಾಹರಣೆ. 1681ರಲ್ಲಿ ಸಂತ ಜೋಸೆಫ್ ವಾಜ್ ಗೋವೆಯಿಂದ ಕೆನರಾಕ್ಕೆ ಬಂದಾಗ ಇಲ್ಲಿನ ಕ್ರೈಸ್ತರು ಎರಡು ಪಾಳಯ. ಒಂದು ಪೋರ್ಚುಗೀಸ್ ರಾಜನ ಪದ್ರೊವಾದೊ (ಬಿಷಪರನ್ನು ಹೆಸರಿಸುವ ಹಕ್ಕು) ಅಧಿಕಾರದ ಕಡೆ, ಇನ್ನೊಂದು ರೋಮ್ ನೇಮಿಸಿದ ಬಿಷಪ್ ತೋಮಸ್ ದಿ ಕಾಸ್ತ್ರೊ ಕಡೆ. ಆ ಕಡೆಯ ಪಾದ್ರಿ ಕೊಟ್ಟ ಸಂಸ್ಕಾರ ಈ ಕಡೆಯವರಿಗೆ ಸಲ್ಲದು ಎನ್ನುವಷ್ಟು ಒಡಕು. ವಾಜ್ ಗೋವೆಯವರ ಆಳಾಗಿ ಬಂದರೂ ಬಿಷಪರ ಬಳಿಗೆ ಹೋಗಿ ಕುಳಿತು ಮಾತನಾಡಿದರು, ಜನರ ಸಂಸ್ಕಾರಗಳು ಕೆಡದಂತೆ ದಾರಿ ಹುಡುಕಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದಾಗ ನಮ್ಮಲ್ಲಿ ಗಂಟೆ ಬಾರಿಸಿದೆವು. ಅವರು ಮಾಡಿದ್ದನ್ನು ಮಾತ್ರ ಮರೆತೆವು.

ರೋಮನರಿಗೆ 13
ಆಳುವವರಿಗೆ ಅಧೀನರಾಗಿರಿ ಎಂದು ಪೌಲರೇ ಬರೆದಿದ್ದಾರೆ. ಇಷ್ಟು ಚರ್ಚೆ ಏಕೆ?

ಸುಂಕೇರಿಯ ಹಳೆಯ ಪೂಜಾ ಸಹಾಯಕ
ಅದೇ ಬೈಬಲಿನಲ್ಲಿ ಪ್ರೇಷಿತರ ಕಾರ್ಯಕಲಾಪಗಳು 5:29 ಕೂಡ ಇದೆ: ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಿರಬೇಕು. ಎರಡನ್ನೂ ಹಿಡಿದು ನಡೆಯುವುದೇ ಕಷ್ಟ. ಕೇರಳದಲ್ಲಿ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ಪ್ರಾರ್ಥನೆ ದೇವರಿಗೆ ಮಾತ್ರ ಎಂಬ ನಂಬಿಕೆ. ಶಾಲೆ ಹೊರಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟು ಮರಳಿ ಸೇರಿಸಿಕೊಳ್ಳಲು ಹೇಳಿತು. ಸಂವಿಧಾನದ 25ನೆಯ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯ ಎಂದು ಹೇಳುವುದು ಇಂಥವರಿಗಾಗಿಯೇ. ಗುಂಪಿನಲ್ಲಿ ಒಬ್ಬನೇ ಬೇರೆಯಾಗಿ ನಿಂತವನಿಗೆ.

ಕಾಳಿ ಸೇತುವೆ
ಅವರು ಯೆಹೋವನ ಸಾಕ್ಷಿಗಳು ಎಂಬ ಬೇರೆ ಪಂಗಡದವರು. ನಮ್ಮವರಲ್ಲ.

ಸುಂಕೇರಿಯ ಹಳೆಯ ಪೂಜಾ ಸಹಾಯಕ
ಅವರು ನಮ್ಮವರಲ್ಲ ಎಂಬುದರಿಂದ ತೀರ್ಪಿನ ಬೆಲೆ ಕಡಿಮೆಯಾಗುತ್ತದೆಯೇ?

ಕಾಳಿ ಸೇತುವೆ
ಇಲ್ಲ. ಮಾಹಿತಿಗೆ ಹೇಳಿದೆ.

ಬಂಗುಡೆ ಬುಟ್ಟಿ
ನಾನು ಮೀನು ಮಾರುವವಳು, ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ನಾವು ಮಾರುಕಟ್ಟೆಯಲ್ಲಿ ಪಕ್ಕಪಕ್ಕ ಕೂರುವ ಆರು ಹೆಂಗಸರು. ಆರು ಜನಕ್ಕೆ ಮೂರು ಪಕ್ಷ. ಮಂಜುಗಡ್ಡೆ ಒಂದೇ ಪೆಟ್ಟಿಗೆಯಿಂದ ಹಂಚಿಕೊಳ್ಳುತ್ತೇವೆ. ಹಂಚದಿದ್ದರೆ ಹತ್ತು ಗಂಟೆಯೊಳಗೆ ಎಲ್ಲರ ಮೀನೂ ಕೆಡುತ್ತದೆ. ಅಂಕೋಲೆಯ ಮಗಳೇ, ನಿನ್ನ ಚಿಕ್ಕಪ್ಪನನ್ನು ಪಾಪದವನು ಎಂದು ನೀನು ಬರೆದಿಲ್ಲ, ಆದರೆ ನೀನು ಬರೆದ ಆ ಹೆಬ್ಬೆರಳಿನ ಪಟ್ಟಿ ನನ್ನ ಕಣ್ಣ ಮುಂದೆಯೇ ಇದೆ. ಅವರ ಮನೆಗೆ ಯಾರಾದರೂ ಹೋದಿರಾ?

ಅಂಕೋಲೆಯ ಮಗಳು
ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಬಂಗುಡೆ ಬುಟ್ಟಿಯ ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ನಾಚಿಕೆಯಾಯಿತು. ಯಾರೂ ಹೋಗಿರಲಿಲ್ಲ, ನಾನೂ ಹೋಗಿರಲಿಲ್ಲ.

ನಿನ್ನೆ ಸಂಜೆ ಹೋದೆ. ಚಿಕ್ಕಪ್ಪ ಜಗುಲಿಯಲ್ಲಿ ಬಲೆ ಹರಡಿಕೊಂಡು ಕುಳಿತಿದ್ದರು. ಸಿಎಸ್‌ಐ ಸಭೆಯ ಅಕ್ಕ ಹೇಳಿದ್ದು ಮನಸ್ಸಿನಲ್ಲಿತ್ತು. ಹಾಗಾಗಿ ಸಮಾಧಾನದ ಮಾತಷ್ಟೇ ಆಡದೆ, ಹಳಿಯಾಳದ ಅಣ್ಣನ ಅತ್ತೆಯ ಕಥೆಯನ್ನು ಮೊಬೈಲಿನಿಂದ ಓದಿ ಹೇಳಿದೆ. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ “ಆ ಹುಡುಗರು ಯಾವ ಊರಿನವರು ಎಂದು ಕೇಳಿ ತಿಳಿಸು” ಎಂದರು. ಪಕ್ಷ ಬಿಡುತ್ತೇನೆ ಎಂದು ಹೇಳಲಿಲ್ಲ, ನಾನೂ ಬಿಡಿ ಎನ್ನಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಮತ್ತಾಯ 5:23-24 ಓದಿದೆ, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಜೊತೆ ರಾಜಿ ಮಾಡಿಕೋ ಎನ್ನುವ ವಚನ. ಅಪ್ಪ ಕನ್ನಡಕ ತೆಗೆದು, “ಅದನ್ನು ಅವನಿಗೂ ಓದಿದ್ದೀಯಾ?” ಎಂದರು. ಅವರಿಗಿಂತ ಮೊದಲು ನಿಮಗೇ ಓದಿದ್ದು ಎಂದೆ. ಎದ್ದು ಒಳಗೆ ಹೋದರು. ವಾಟ್ಸಾಪಿನ ಆ ಹೆಬ್ಬೆರಳು ಇನ್ನೂ ಹಾಗೆಯೇ ಇದೆ.

ಹಳಿಯಾಳ ರಸ್ತೆ
ತಂಗಿ, ಊರಿನ ಹೆಸರು ನಿಮಗೆ ಖಾಸಗಿಯಾಗಿ ಕಳುಹಿಸುತ್ತೇನೆ. ಅತ್ತೆಯನ್ನು ಕೇಳಿದೆ. ಬರುವವರಿದ್ದರೆ ಬುಧವಾರ ಬಾಗಿಲು ತೆರೆಯುತ್ತೇನೆ ಎಂದರು.

ಬೈತಖೋಲದ ಬೋಟು
ನಾನು ಬರುತ್ತೇನೆ. ದಣಪೆಯ ಹೊರಗೆ ನಿಲ್ಲುತ್ತೇನೆ.

ಚಂದಾವರ ಹಾದಿ
ಡಿಸೆಂಬರ್ 3ಕ್ಕೆ ಚಂದಾವರದ ಸಂತ ಫ್ರಾನ್ಸಿಸ್ ಜೇವಿಯರ್ ಹಬ್ಬಕ್ಕೆ ಎಷ್ಟು ಜನ ಬರುತ್ತೀರಿ? ಶಿರಸಿಯವರೂ ಬನ್ನಿ, ಅಲ್ಲಿಗೆ ಹರಕೆ ಹೊತ್ತು ಬರುವವರಲ್ಲಿ ನಿಮ್ಮವರೂ ಇರುತ್ತಾರೆ.

ಶಿರಸಿಯ ಅಡಿಕೆ ಮನೆ
ಕೊಯ್ಲಿನ ಹೊತ್ತು. ಆದರೂ ಬರುತ್ತೇನೆ. ಕುಮಟಾದಿಂದ ಬಸ್ ಎಷ್ಟು ಗಂಟೆಗೆ?